ಗರ್ಭಕೋಶದ ಕೊರಳಿನ ಕ್ಯಾನ್ಸರ್ ರೋಗವೂ ಅದರ ಚಿಕಿತ್ಸೆಯೂ

ಮನ್ನಳ್ಳಿ, ಭಾಲ್ಕಿ, ಔರಾದ ಕಡೆಯ ಗ್ರಾಮಗಳಲ್ಲಿ ಕ್ಯಾನ್ಸರ್ ಎಂಬ ಮಾತನ್ನು ಜನರು ಮೆಲ್ಲಗೆ ಆಡುವರು. ಹೆಸರೆತ್ತಿದರೆ ರೋಗವು ಮನೆಗೆ ಬಂದೀತೆಂದು ಅಂಜುವವರೂ ಉಂಟು. ಸ್ತ್ರೀಯರ ಗರ್ಭಕೋಶದ ಕೊರಳಿಗೆ ಬರುವ ಕ್ಯಾನ್ಸರಿನ ವಿಷಯದಲ್ಲಾದರೋ ಅಂಜಿಕೆಯೊಡನೆ ನಾಚಿಕೆಯೂ ಕೂಡಿರುವದು. ಆದರೆ ಮುಂಚಿತವಾಗಿ ಕಂಡುಹಿಡಿದು ತಡೆಯುವದಕ್ಕೆ ಇಷ್ಟು ಅನುಕೂಲವಾದ ಕ್ಯಾನ್ಸರುಗಳು ಬಹು ಕೊಂಚ. ಈ ಪಾಠವನ್ನು ಗಂಡಸರೂ ಓದಬೇಕು. ಯಾಕಂದರೆ ಪ್ರಯಾಣದ ಖರ್ಚಿಗೆ ಹಣ ಬಿಚ್ಚತಕ್ಕವರು ಹೆಚ್ಚಾಗಿ ಅವರೇ.

ಈ ರೋಗಕ್ಕೆ ಮಾಟವಾಗಲಿ ದೃಷ್ಟಿಯಾಗಲಿ ಕಾರಣವಲ್ಲ. ಎಚ್‌ಪಿವಿ ಎಂಬ ಅತಿಸೂಕ್ಷ್ಮವಾದ ರೋಗಾಣುವೇ ಕಾರಣ. ಜರ್ಮನ್ ವಿದ್ವಾಂಸನಾದ ಹೆರಾಲ್ಡ್ ಜುರ್ ಹೌಸೆನ್ ಎಂಬವನು 1983ರಲ್ಲಿ ಇದನ್ನು ಈ ಕ್ಯಾನ್ಸರಿನ ಗಡ್ಡೆಗಳಲ್ಲಿ ಕಂಡುಹಿಡಿದನು. 2008ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಈ ರೋಗಾಣುವು ಸ್ತ್ರೀಪುರುಷರ ಸಂಗದಿಂದ ದಾಟುವದು. ಇದು ಎಷ್ಟು ಸಾಮಾನ್ಯವೆಂದರೆ ಬಹುಮಂದಿ ಸ್ತ್ರೀಪುರುಷರಿಗೆ ಆಯುಷ್ಯದಲ್ಲಿ ಒಮ್ಮೆಯಾದರೂ ತಗಲಿ, ಒಂದೆರಡು ವರುಷಗಳಲ್ಲಿ ತಾನೇ ಹೋಗಿಬಿಡುವದು. ಕೆಲವರಲ್ಲಿ ಮಾತ್ರ ಅದು ಹೋಗದೆ ನಿಂತು, ಹತ್ತು ಹದಿನೈದು ವರುಷ ಒಳಗೊಳಗೇ ಕೆಲಸ ಮಾಡಿ ಕಡೆಗೆ ಕ್ಯಾನ್ಸರಾಗುವದು. ಗಂಡನೊಬ್ಬನನ್ನೇ ಬಲ್ಲ ಸ್ತ್ರೀಗೂ ಇದು ಬರಬಹುದು. ಹೀಗಿರಲಾಗಿ ರೋಗಿಯ ನಡತೆಯನ್ನು ಕುರಿತು ಬಾವಿಕಟ್ಟೆಯ ಬಳಿಯಲ್ಲಿ ಮಾತಾಡುವವರು ಸುಮ್ಮನಿರುವದು ಲೇಸು.

ಆ ಹತ್ತು ವರುಷಗಳ ಅವಧಿಯು ನಮಗೆ ದೊಡ್ಡ ಅವಕಾಶ. ನಮ್ಮ ಬಸವಕಲ್ಯಾಣದ ಗಡಿಯಾಚೆ ಇರುವ ಉಸ್ಮಾನಾಬಾದ್ ಜಿಲ್ಲೆಯಲ್ಲಿ (ಈಗ ಧಾರಾಶಿವ) 1999ರಲ್ಲಿ ಒಂದು ದೊಡ್ಡ ಕೆಲಸವು ಆರಂಭವಾಯಿತು. ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯವರೂ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರೂ ಕೂಡಿ, 30ರಿಂದ 59 ವಯಸ್ಸಿನ 1,31,746 ಮಂದಿ ಹಳ್ಳಿಯ ಸ್ತ್ರೀಯರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಸಿರ್ಕಾ ಹಚ್ಚಿ ನೋಡುವ ಪರೀಕ್ಷೆ, ಇನ್ನೊಂದಕ್ಕೆ ಕೊರಳಿನ ಲೋಳೆಯನ್ನು ಗಾಜಿನ ಮೇಲೆ ಸವರಿ ನೋಡುವ ಪರೀಕ್ಷೆ, ಮೂರನೆಯದಕ್ಕೆ ರೋಗಾಣುವನ್ನೇ ಹುಡುಕುವ ಪರೀಕ್ಷೆ. ನಾಲ್ಕನೆಯದಕ್ಕೆ ಎಂದಿನ ಉಪಚಾರ ಮಾತ್ರ. ಎಂಟು ವರುಷಗಳಲ್ಲಿ ನಾಲ್ಕನೆಯ ಗುಂಪಿನ 31,488 ಸ್ತ್ರೀಯರೊಳಗೆ ಈ ರೋಗದಿಂದ 64 ಮಂದಿ ಸತ್ತರು. ರೋಗಾಣುವಿನ ಪರೀಕ್ಷೆ ಒಮ್ಮೆ ಮಾತ್ರ ಆದ 34,126 ಮಂದಿಯೊಳಗೆ ಸತ್ತವರು 34. ಉಳಿದ ಎರಡು ಪರೀಕ್ಷೆಗಳಿಂದ ಇಷ್ಟು ಸ್ಪಷ್ಟವಾದ ಲಾಭವು ಕಾಣಲಿಲ್ಲ. 2009ರಲ್ಲಿ ಇದು ಪ್ರಕಟವಾಗಲು ಲೋಕದ ವೈದ್ಯರೆಲ್ಲರೂ ಗಮನಿಸಿದರು. ನಾಲ್ಕನೆಯ ಗುಂಪಿನವರನ್ನು ಪರೀಕ್ಷಿಸದೆ ಬಿಟ್ಟದ್ದು ನ್ಯಾಯವೋ ಎಂಬ ಪ್ರಶ್ನೆಯೂ ಅನಂತರ ಎದ್ದಿತು. ಅದು ಕೇಳತಕ್ಕ ಪ್ರಶ್ನೆಯೇ. ಆ ಹಳ್ಳಿಯ ತಾಯಂದಿರಿಂದ ದೊರೆತ ತಿಳುವಳಿಕೆಯು ನೆರೆಯವರಾದ ನಮಗೆ ಉಪಯೋಗವಾಗದೆ ಹೋದರೆ ಇನ್ನೂ ದೊಡ್ಡ ಅನ್ಯಾಯವು.

ಹುಡುಗಿಯರಿಗೆ ಲಸಿಕೆಯೂ ಬಂದಿದೆ. 9ರಿಂದ 14 ವಯಸ್ಸಿನೊಳಗೆ ಹಾಕಿಸುವದು ಉತ್ತಮ. ಪುಣೆಯಲ್ಲಿ ತಯಾರಾಗುವ ಲಸಿಕೆಗೆ 2022ರಲ್ಲಿ ಸರಕಾರದ ಅನುಮತಿಯು ದೊರೆಯಿತು. ಇದರಿಂದ ಬಂಜೆತನ ಬರುವದೆಂಬ ಮಾತು ಸುಳ್ಳು.

ರೋಗದ ಗುರುತುಗಳು ಯಾವವೆಂದರೆ: ಮುಟ್ಟು ನಿಂತ ಮೇಲೆ ರಕ್ತ ಕಾಣುವದು, ಗಂಡನ ಸಂಗದ ತರುವಾಯ ರಕ್ತ ಹೋಗುವದು, ದುರ್ವಾಸನೆಯ ಬಿಳಿಸೆರಗು, ಸೊಂಟದ ಕೆಳಗೆ ಬಿಡದ ನೋವು. ಹನ್ನೆರಡು ವರುಷ ರಕ್ತಸ್ರಾವದಿಂದ ನರಳಿ, ಇದ್ದದ್ದನ್ನೆಲ್ಲಾ ವೈದ್ಯರಿಗೆ ಸುರಿದು, ಕಡೆಗೆ ಜನಸಂದಣಿಯಲ್ಲಿ ಹಿಂದಿನಿಂದ ಬಂದ ಸ್ತ್ರೀಯ ವೃತ್ತಾಂತವನ್ನು ನಾವೆಲ್ಲರೂ ಬಲ್ಲೆವು. ನಮ್ಮ ತಾಯಂದಿರೂ ಹಾಗೆಯೇ ಹಿಂದಿನಿಂದ ಬರುವರು. ಸೊಂಟನೋವೆಂದು ಹೇಳಿ ಗುಳಿಗೆ ಇಸಕೊಂಡು, ಬಾಗಿಲ ಬಳಿಯಲ್ಲಿ ತಿರುಗಿ ನಿಂತು ನಿಜವಾದ ಬಾಧೆಯನ್ನು ಪಿಸುಗುಟ್ಟುವರು. ಆದದರಿಂದ ಆಶಾ ಕಾರ್ಯಕರ್ತೆಗಾಗಲಿ ದಾದಿಗಾಗಲಿ ಮೊದಲೇ ಹೇಳಬೇಕು. ಗುರುತು ಏನೂ ಇಲ್ಲದಿದ್ದರೂ 30 ವಯಸ್ಸು ದಾಟಿದವರು ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು.

ರೋಗವು ಬೇಗ ಸಿಕ್ಕಿದರೆ ಶಸ್ತ್ರಕ್ರಿಯೆ ಸಾಕಾಗಬಹುದು. ಬೆಳೆದಿದ್ದರೆ ಕಿರಣಗಳ ಚಿಕಿತ್ಸೆ ಬೇಕು; ಜನರು ಇದನ್ನು ಕರೆಂಟ್ ಕೊಡುವದೆನ್ನುವರು, ಆದರೆ ಮೈಗೆ ಶಾಕ್ ಹೊಡೆಯುವದಿಲ್ಲ. ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ ಹೊರಗಿನಿಂದ ಕಿರಣ ಬಿಡುವರು, ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಎಂಬ ಔಷಧವನ್ನು ನರಕ್ಕೆ ಏರಿಸುವರು. ಈ ಎರಡನ್ನೂ ಕೂಡಿಸಿ ಕೊಟ್ಟರೆ ಹೆಚ್ಚು ಮಂದಿ ಬದುಕುವರೆಂದು 1999ರಲ್ಲಿ ತಿಳಿದುಬಂತು. ಆ ಮೇಲೆ ಒಳಗಡೆ ಸಣ್ಣ ಕೊಳವೆ ಇಟ್ಟು ಹತ್ತಿರದಿಂದ ಕಿರಣ ಕೊಡುವರು. ಮೊದಲನೆಯ ಕೆಲವು ಸರದಿಗಳಲ್ಲೇ ರಕ್ತ ನಿಲ್ಲುವದುಂಟು, ಅಪಾಯವಿರುವದೂ ಆಗಲೇ. ಗುಣವಾಯಿತೆಂದು ತಿಳಿದು, ತೊಗರಿಯ ರಾಶಿ ಬಂತೆಂದು, ಮನೆಯಲ್ಲಿ ಮದುವೆಯೆಂದು ರೋಗಿಯನ್ನು ಕರೆದುಕೊಂಡು ಬರುವರು. ಗಡ್ಡೆ ಒಳಗೆ ಇನ್ನೂ ಜೀವದಿಂದಿರುವದು. ನಡುವೆ ಬಿಟ್ಟರೆ ಮತ್ತೆ ಚಿಗುರುವದು. ಎಲ್ಲವೂ ಎಂಟು ವಾರಗಳೊಳಗೆ ಮುಗಿಯಬೇಕು. ಈ ನಡುವೆ ಭೇದಿ, ಉರಿಮೂತ್ರ, ಆಯಾಸ ಕಂಡರೆ ವೈದ್ಯರಿಗೆ ಹೇಳಬೇಕು, ಓಡಿಬರಬಾರದು.

ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯ ಶಾಖೆಯು ಕಲಬುರಗಿಯಲ್ಲಿರುವದು. 2017ರಿಂದ ಬೀದರಿನಿಂದ ಅಲ್ಲಿಗೆ ರೈಲೂ ಇದೆ. ಹೋಗುವಾಗ ಪಡಿತರ ಚೀಟಿ, ಆಯುಷ್ಮಾನ್ ಕಾರ್ಡು, ಬೀದರಿನ ಸರಕಾರಿ ಆಸ್ಪತ್ರೆಯ ಪತ್ರ ಇವುಗಳನ್ನು ಒಯ್ಯಬೇಕು. ಹೊಲ ಮಾರುವದಕ್ಕೆ ಮುಂಚೆ ಈ ಕಾಗದಗಳನ್ನು ಹುಡುಕಿರಿ. ರೋಗಿಯೊಡನೆ ಒಬ್ಬ ಹೆಂಗಸು ನಿಲ್ಲುವದು ಅವಶ್ಯ. ಗಂಡನು ವಾರಕ್ಕೊಮ್ಮೆಯಾದರೂ ಬಂದು ಕೂತರೆ ಆಕೆಯ ಊಟದಲ್ಲಿ ಭೇದ ಕಾಣುವದು.

ಮನೆಗೆ ಬಂದ ಮೇಲೆ ಆಕೆಯ ತಟ್ಟೆಯನ್ನು ಬೇರೆ ಇಡಬೇಡಿರಿ. ಕ್ಯಾನ್ಸರು ಅನ್ನದಿಂದಲೂ ಮುಟ್ಟುವದರಿಂದಲೂ ಹತ್ತುವದಿಲ್ಲ. ಹೊರಗಿನಿಂದ ಕೊಟ್ಟ ಕಿರಣಗಳು ಮೈಯಲ್ಲಿ ಉಳಿಯುವದೂ ಇಲ್ಲ. ಮೊಮ್ಮಕ್ಕಳು ಆಕೆಯ ಮಗ್ಗುಲಲ್ಲಿ ಮಲಗಬಹುದು.

ಕೆಲವರಿಗೆ ಗುಣವಾಗದು, ಇದನ್ನು ಮರೆಮಾಚಲಾರೆವು. ಅವರ ನೋವಿಗೆ ಮಾರ್ಫಿನ್ ಎಂಬ ಗುಳಿಗೆಯುಂಟು. ಇದು ವೈದ್ಯರ ಕೈಗೆ ಸುಲಭವಾಗಿ ಸಿಗುವಂತೆ 2014ರಲ್ಲಿ ಕಾನೂನನ್ನು ತಿದ್ದಿದರು. ಇದನ್ನು ಕೊಟ್ಟರೆ ರೋಗಿಯು ಬೇಗ ಸಾಯುವನೆಂಬುದು ತಪ್ಪು. ನೋವು ಬಂದ ಮೇಲಲ್ಲ, ವೈದ್ಯರು ಹೇಳಿದ ಗಂಟೆಗೆ ಸರಿಯಾಗಿ ಕೊಡಬೇಕು. ಮಲಬದ್ಧತೆಯಾಗುವದರಿಂದ ಅದಕ್ಕೂ ಔಷಧವನ್ನು ಅದೇ ದಿವಸ ಕೇಳಿಕೊಂಡು ಬರಬೇಕು.