ಮೈಕ್ರೋವೇವ್ ಒಲೆಗೆ ಎಂತಹ ಪಾತ್ರೆ?

ಸೌದೆಯ ಒಲೆಯಾಗಲಿ ಅನಿಲದ ಒಲೆಯಾಗಲಿ, ಮೊದಲು ಕಾಯುವುದು ಪಾತ್ರೆ. ಅನಂತರ ಅದರೊಳಗಿನ ಪದಾರ್ಥ. ಆದುದರಿಂದಲೇ ಉತ್ತಮ ಉಷ್ಣವಾಹಕಗಳಾದ ತಾಮ್ರ, ಅಲ್ಯೂಮಿನಿಯಮ್‌ಗಳಿಗೆ ಅಡಿಗೆಮನೆಯಲ್ಲಿ ಮನ್ನಣೆ. ಮೈಕ್ರೋವೇವ್ ಒಲೆಯಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಕಿಟಕಿಯ ಗಾಜು ಬೆಳಕಿಗೆ ದಾರಿ ಬಿಡುವಂತೆ ತರಂಗಗಳಿಗೆ ದಾರಿ ಬಿಟ್ಟು, ತಾನು ಕಾಯದೆ ಉಳಿಯುವ ಪಾತ್ರೆಯೇ ಇಲ್ಲಿ ಯೋಗ್ಯವಾದುದು.

ಮನೆಗಳಲ್ಲಿರುವ ಇಂತಹ ಒಲೆಯ ತರಂಗಗಳು ಸೆಕೆಂಡಿಗೆ ಸುಮಾರು 245 ಕೋಟಿ ಸಲ ಕಂಪಿಸುತ್ತವೆ; ತರಂಗದೂರ ಸುಮಾರು 12 ಸೆಂಟಿಮೀಟರು. ನೀರಿನ ಅಣುವಿನ ಒಂದು ಪಕ್ಕದಲ್ಲಿ ಧನ ವಿದ್ಯುದಂಶವೂ ಇನ್ನೊಂದು ಪಕ್ಕದಲ್ಲಿ ಋಣ ವಿದ್ಯುದಂಶವೂ ಇರುವುದಷ್ಟೆ. ಓಲಾಡುವ ವಿದ್ಯುತ್ ಕ್ಷೇತ್ರದೊಡನೆ ತಾನೂ ತಿರುಗಲು ಯತ್ನಿಸುವ ಅಣು ನೆರೆಯ ಅಣುಗಳೊಡನೆ ತಾಕಲಾಡುತ್ತದೆ, ಆಹಾರ ಬಿಸಿಯಾಗುತ್ತದೆ. ಗಾಜಿನಲ್ಲಿಯೂ ಪಿಂಗಾಣಿಯಲ್ಲಿಯೂ ಕಣಗಳು ಬಿಗಿಯಾಗಿ ಬಂಧಿತವಾಗಿರುವುದರಿಂದ ಅವು ತರಂಗಗಳನ್ನು ಹೆಚ್ಚಾಗಿ ಹೀರುವುದಿಲ್ಲ.

ಲೋಹದ ಮಾತೇ ಬೇರೆ. ಅದರಲ್ಲಿ ಸ್ವಚ್ಛಂದವಾಗಿ ಸಂಚರಿಸುವ ಎಲೆಕ್ಟ್ರಾನುಗಳು ತರಂಗಗಳನ್ನು ಹಿಂದಕ್ಕೆ ಪ್ರತಿಫಲಿಸುತ್ತವೆ. ಮುಚ್ಚಿದ ಸ್ಟೀಲ್ ಡಬ್ಬಿಯೊಳಗಿನ ಅನ್ನ ತಣ್ಣಗೇ ಉಳಿಯುವುದು. ಅಂಚು ಚೂಪಾದಲ್ಲಿ ಕ್ಷೇತ್ರ ಸಾಂದ್ರವಾಗಿ ಕಿಡಿ ಹಾರಲೂಬಹುದು. ಚಿನ್ನದ ಗೆರೆಯ ಪಿಂಗಾಣಿ ಬಟ್ಟಲೊಂದು ನಮ್ಮ ಮನೆಯಲ್ಲಿಯೇ ಹೀಗೆ ಕಿಡಿ ಕಾರಿತು. ಅದನ್ನು ಒಳಗಿಟ್ಟವನು ಭೌತಶಾಸ್ತ್ರ ಬೋಧಿಸುವ ನಾನೇ!

ಲೋಹದ ಗೆರೆಯಾಗಲಿ ಲೇಪವಾಗಲಿ ಇಲ್ಲದ ಪಾತ್ರೆಯ ಬಗೆಗೆ ಸಂಶಯವಿದ್ದರೆ ಒಂದು ಸುಲಭ ಪರೀಕ್ಷೆಯುಂಟು. ಆ ಬರಿದಾದ ಪಾತ್ರೆಯ ಪಕ್ಕದಲ್ಲಿ ಒಂದು ಗಾಜಿನ ಲೋಟದಲ್ಲಿ ನೀರಿಟ್ಟು ಒಂದು ನಿಮಿಷ ಒಲೆಯನ್ನು ನಡೆಸಿರಿ. ನೀರು ಬಿಸಿಯಾಗಿ ಪಾತ್ರೆ ತಣ್ಣಗಿದ್ದರೆ ಅದು ತರಂಗಗಳನ್ನು ಹೀರುತ್ತಿಲ್ಲ. ನೀರನ್ನು ಮರೆಯಬಾರದು, ಹೀರುವ ವಸ್ತುವೇ ಇಲ್ಲದಿದ್ದರೆ ಶಕ್ತಿ ತರಂಗಜನಕಕ್ಕೇ ಹಿಂದಿರುಗಿ ಅದನ್ನು ಕೆಡಿಸೀತು. ಮೆಲಮಿನ್ ತಟ್ಟೆ ಸಾಮಾನ್ಯವಾಗಿ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಅದರಲ್ಲಿ ಹುಳಿ ಪದಾರ್ಥವನ್ನು ಕಾಯಿಸಿದರೆ ಮೆಲಮಿನ್ ಅಂಶವು ಆಹಾರಕ್ಕೆ ಸೇರಬಹುದು. ಲೇಪವಿಲ್ಲದ ಮಣ್ಣಿನ ಕುಡಿಕೆ ಒಣಗಿದ್ದಾಗ ತಣ್ಣಗಿದ್ದು, ನೀರು ಹೀರಿದ ಮೇಲೆ ಕೈ ಸುಡುವಷ್ಟು ಕಾಯಬಹುದು.

ಈ ಪರೀಕ್ಷೆಗೂ ಒಂದು ಮಿತಿಯುಂಟು. ವಿದ್ಯಾರ್ಥಿನಿಲಯಗಳಲ್ಲಿ ವಾಸಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಹೋಟೆಲಿನಿಂದ ಪಲ್ಯ ತಂದ ತೆಳು ಪ್ಲಾಸ್ಟಿಕ್ ಡಬ್ಬಿ ಬರಿದಾಗಿದ್ದಾಗ ತಣ್ಣಗೇ ಇರಬಹುದು. ಆದರೆ ಪಲ್ಯದ ಎಣ್ಣೆ 100 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿ ಕಾಯಬಲ್ಲದು. ಡಬ್ಬಿಯನ್ನು ಮೆತ್ತಗಾಗಿಸುವುದು ತರಂಗವಲ್ಲ, ಆ ಎಣ್ಣೆ. ಮೈಕ್ರೋವೇವಿಗೆ ಯೋಗ್ಯವೆಂಬ ಗುರುತಿಲ್ಲದ ಪ್ಲಾಸ್ಟಿಕ್ಕಿನಿಂದ ಆಹಾರವನ್ನು ಗಾಜಿನ ಬಟ್ಟಲಿಗೆ ಬಗ್ಗಿಸಿಕೊಳ್ಳುವುದೇ ಲೇಸು. ಬಟ್ಟಲಿನ ಮುಚ್ಚಳವೂ ಸಡಿಲವಾಗಿರಲಿ: ಕೇವಲ ಒಂದು ಗ್ರಾಮ್ ನೀರು ಕುದಿದು ಉಗಿಯಾದಾಗ ಅದಕ್ಕೆ 1.6 ಲೀಟರಿಗೂ ಮಿಕ್ಕ ಸ್ಥಳ ಬೇಕು.