ಕಂಬವೂ ಕಂಬದ ಅರಿವೂ

‘ಜಗತ್ತೆಲ್ಲ ಮಾಯೆ’ ಎಂಬ ಮಾತು ನಮ್ಮಲ್ಲಿ ಬಹು ಸುಲಭವಾಗಿ ಬಳಕೆಯಾಗುತ್ತದೆ. ನಷ್ಟವಾದಾಗ ಸಮಾಧಾನಕ್ಕೂ, ಮಾಡಬೇಕಾದ ಕೆಲಸವನ್ನು ಮುಂದೂಡುವಾಗ ನೆವಕ್ಕೂ ಅದು ಒದಗಿಬರುತ್ತದೆ. ಆದರೆ ಆ ಮಾತಿನ ನಿಜವಾದ ಅರ್ಥವೇನು? ಕಣ್ಣೆದುರಿನ ಕಂಬ, ಗೋಡೆ, ಮರಗಳು ಕೇವಲ ನಮ್ಮ ಮನಸ್ಸಿನ ಕಲ್ಪನೆಗಳೇ? ನಾವು ಅರಿಯದಿದ್ದಾಗ ಅವು ಇರುವುದೇ ಇಲ್ಲವೇ? ಕನ್ನಡ ನಾಡಿನ ಧಾರ್ಮಿಕ ಜೀವನವನ್ನು ರೂಪಿಸಿದ ಆಚಾರ್ಯರು ಈ ಪ್ರಶ್ನೆಗೆ ನೀಡಿದ ಉತ್ತರವು ಸಾಮಾನ್ಯ ಜನರ ಊಹೆಗಿಂತ ಬೇರೆಯಾಗಿದೆ.

ಪ್ರಾಚೀನ ಭಾರತದಲ್ಲಿ ಬೌದ್ಧರ ಒಂದು ಪಂಥವಾದ ವಿಜ್ಞಾನವಾದವು ಬಾಹ್ಯವಸ್ತುವನ್ನು ನಿರಾಕರಿಸಿತು. ಅವರ ಯುಕ್ತಿ ಸರಳವಾದರೂ ಬಲವಾದದ್ದು. ನೀಲಿ ಬಣ್ಣವೂ ನೀಲಿಯ ಅರಿವೂ ಯಾವಾಗಲೂ ಜೊತೆಯಾಗಿಯೇ ತೋರುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಕಂಡವರಿಲ್ಲ. ಆದ್ದರಿಂದ ಅವೆರಡೂ ಬೇರೆಯಲ್ಲ. ಸ್ವಪ್ನದಲ್ಲಿ ಹೊರಗೆ ಯಾವ ವಸ್ತುವೂ ಇಲ್ಲದೆ ಆನೆ ಕುದುರೆಗಳು ತೋರುವಂತೆ, ಎಚ್ಚರದಲ್ಲಿಯೂ ಅರಿವೇ ವಸ್ತುವಿನ ರೂಪದಿಂದ ತೋರುತ್ತದೆ ಎಂಬುದು ಅವರ ವಾದ.

ಈ ವಾದವನ್ನು ಖಂಡಿಸಿದವರಲ್ಲಿ ಶಂಕರ ಭಗವತ್ಪಾದರು ಪ್ರಮುಖರು ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ, ಎರಡನೆಯ ಪಾದದ 28 ಮತ್ತು 29ನೆಯ ಸೂತ್ರಗಳ ಭಾಷ್ಯದಲ್ಲಿ ಅವರ ವಿಚಾರ ಹೀಗೆ ಸಾಗುತ್ತದೆ: ಯಾರೂ ತಮ್ಮ ಅರಿವನ್ನೇ ಕಂಬವೆಂದಾಗಲಿ ಗೋಡೆಯೆಂದಾಗಲಿ ಕಾಣುವುದಿಲ್ಲ, ಅರಿವಿನ ವಿಷಯವಾಗಿ ಕಂಬ ಗೋಡೆಗಳನ್ನು ಕಾಣುತ್ತಾರೆ. ಕಂಡದ್ದನ್ನು ಇಲ್ಲವೆನ್ನುವವನು, ಹೊಟ್ಟೆ ತುಂಬ ಉಂಡು ತೃಪ್ತನಾಗಿಯೂ ‘ನಾನು ಉಂಡಿಲ್ಲ’ ಎನ್ನುವವನಂತೆ. ವಸ್ತುವೂ ಅರಿವೂ ಜೊತೆಯಾಗಿ ತೋರುವುದು ಅವೆರಡೂ ಒಂದೇ ಆಗಿರುವುದರಿಂದಲ್ಲ, ವಸ್ತುವನ್ನು ತಿಳಿಯಲು ಅರಿವು ಉಪಾಯವಾಗಿರುವುದರಿಂದ. ‘ಹೊರಗಿರುವಂತೆ ತೋರುತ್ತದೆ’ ಎಂಬ ವಿಜ್ಞಾನವಾದಿಯ ಮಾತಿನಲ್ಲಿಯೇ ಹೊರಗಿನದರ ಅಂಗೀಕಾರವಿದೆ. ‘ಬಂಜೆಯ ಮಗನಂತೆ ಕಾಣುತ್ತಾನೆ’ ಎಂದು ಯಾರೂ ಹೇಳುವುದಿಲ್ಲವಷ್ಟೆ. ಸ್ವಪ್ನದ ದೃಷ್ಟಾಂತವೂ ಇಲ್ಲಿ ಸಲ್ಲದು. ಕನಸಿನಲ್ಲಿ ಕಂಡದ್ದು ಎಚ್ಚರವಾದೊಡನೆ ಬಾಧಿತವಾಗುತ್ತದೆ. ಎಚ್ಚರದಲ್ಲಿ ಕಂಡ ಕಂಬವು ಹಾಗೆ ಬಾಧಿತವಾಗುವುದಿಲ್ಲ.

ಇಲ್ಲಿ ಒಂದು ಶಂಕೆ ಏಳುವುದು ಸಹಜ. ಜಗತ್ತು ಮಿಥ್ಯೆಯೆಂದು ಸಾರಿದವರೂ ಅವರೇ ಅಲ್ಲವೆ? ಮಾಂಡೂಕ್ಯಕಾರಿಕೆಗಳಲ್ಲಿ ಎಚ್ಚರದ ವಸ್ತುಗಳನ್ನು ಸ್ವಪ್ನದ ವಸ್ತುಗಳಿಗೆ ಸಮಾನವೆಂದು ಹೇಳಿಲ್ಲವೆ? ಇದಕ್ಕೆ ಅದ್ವೈತ ಸಂಪ್ರದಾಯದ ಸಮಾಧಾನವೆಂದರೆ ಸತ್ಯದ ಎರಡು ನೆಲೆಗಳು. ಬ್ರಹ್ಮಜ್ಞಾನದ ದೃಷ್ಟಿಯಿಂದ, ಅಂದರೆ ಪರಮಾರ್ಥದಲ್ಲಿ, ಬ್ರಹ್ಮಕ್ಕಿಂತ ಬೇರೆಯಾದದ್ದು ಇಲ್ಲ. ವ್ಯವಹಾರದಲ್ಲಾದರೋ ಕಂಬವು ಕಂಬವೇ. ಅದು ಯಾವನೊಬ್ಬನ ಮನಸ್ಸಿನ ಸೃಷ್ಟಿಯಲ್ಲ. ಕಾಣುವುದೇ ಸೃಷ್ಟಿಯೆಂಬ ದೃಷ್ಟಿಸೃಷ್ಟಿವಾದವನ್ನು ಮುಂದೆ ಕೆಲವು ಅದ್ವೈತಿಗಳು ಪ್ರತಿಪಾದಿಸಿದರು, ನಿಜ. ಆದರೆ ಅದು ಅದ್ವೈತದೊಳಗಿನ ಒಂದು ಕವಲು. ಮೇಲಿನ ಸೂತ್ರಭಾಷ್ಯದ ನಿಲುವು ಅದಲ್ಲ.

ಮೇಲುಕೋಟೆಯೊಡನೆ ಅವಿನಾಭಾವ ಸಂಬಂಧವುಳ್ಳ ಭಗವದ್ರಾಮಾನುಜರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ‘ನಾನು ಇದನ್ನು ಅರಿಯುತ್ತೇನೆ’ ಎಂಬ ಅನುಭವದಲ್ಲಿ ಅರಿಯುವವನು, ಅರಿವು, ಅರಿಯಲ್ಪಡುವ ವಸ್ತು ಎಂಬ ಮೂರೂ ಇವೆ. ಒಂದನ್ನು ಉಳಿಸಿ ಉಳಿದೆರಡನ್ನು ಅಳಿಸಲಾಗದು. ಉಡುಪಿಯ ಶ್ರೀ ಮಧ್ವಾಚಾರ್ಯರ (1238–1317) ಮತದಲ್ಲಂತೂ ಜಗತ್ತು ಸತ್ಯವೇ. ಈಶ್ವರ, ಜೀವ, ಜಡ ಇವುಗಳ ನಡುವಿನ ಪಂಚಭೇದಗಳೂ ಸತ್ಯ. ಜಡವಸ್ತುವು ಜೀವನಿಂದ ಬೇರೆ ಎಂದ ಮೇಲೆ ಅದು ಜೀವನ ಕಲ್ಪನೆಯಾಗುವುದು ಹೇಗೆ? ವಿಜಯನಗರದ ಕಾಲದ ಶ್ರೀ ವ್ಯಾಸತೀರ್ಥರು (1460–1539) ತಮ್ಮ ‘ನ್ಯಾಯಾಮೃತ’ದಲ್ಲಿ ಮಿಥ್ಯಾತ್ವದ ಲಕ್ಷಣಗಳನ್ನು ಒಂದೊಂದಾಗಿ ವಿಮರ್ಶಿಸಿದರು. ಅದಕ್ಕೆ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಲ್ಲಿ ಉತ್ತರ ಕೊಟ್ಟರು. ಜಗತ್ತಿನ ಅಂತಿಮ ಸ್ವರೂಪದ ವಿಷಯದಲ್ಲಿ ಮೂರು ಮತಗಳಿಗೂ ತೀವ್ರ ಭೇದವಿದೆ. ಆದರೆ ಕಂಬವು ನೋಡುವವನ ಮನಸ್ಸಿನ ಕಲ್ಪನೆಯಷ್ಟೇ ಅಲ್ಲ ಎಂಬಲ್ಲಿ ಮೂವರು ಆಚಾರ್ಯರೂ ಕೂಡುತ್ತಾರೆ.

ಭಾಷ್ಯದ ಕಂಬಕ್ಕೆ ಪ್ರತ್ಯಕ್ಷ ಉದಾಹರಣೆ ದೆಹಲಿಯಲ್ಲಿಯೇ ಇದೆ. ಮೆಹ್ರೌಲಿಯ ಕುತುಬ್ ಮಿನಾರಿನ ಆವರಣದಲ್ಲಿ ನಿಂತಿರುವ ಕಬ್ಬಿಣದ ಸ್ತಂಭವು ಸುಮಾರು 7 ಮೀಟರ್ ಎತ್ತರ, 6 ಟನ್ನಿಗೂ ಮೀರಿದ ತೂಕವುಳ್ಳದ್ದು. ಚಂದ್ರನೆಂಬ ರಾಜನು ವಿಷ್ಣುಪದವೆಂಬ ಗಿರಿಯಲ್ಲಿ ಇದನ್ನು ವಿಷ್ಣುಧ್ವಜವಾಗಿ ಸ್ಥಾಪಿಸಿದನೆಂದು ಅದರ ಮೇಲಿನ ಸಂಸ್ಕೃತ ಶಾಸನ ತಿಳಿಸುತ್ತದೆ. ಆತನು ಗುಪ್ತವಂಶದ ಎರಡನೆಯ ಚಂದ್ರಗುಪ್ತನೆಂಬುದು ಬಹುಮಂದಿ ವಿದ್ವಾಂಸರ ಮತ. ಈ ಸ್ತಂಭದ ಬಗ್ಗೆ ಜನರ ಕಲ್ಪನೆಗಳು ಹಲವು. ಅದರ ಬುಡ ವಾಸುಕಿಯ ಹೆಡೆಯನ್ನು ಮುಟ್ಟಿದೆಯೆಂದು ಒಂದು ಐತಿಹ್ಯ. ಬೆನ್ನು ತಾಗಿಸಿ ನಿಂತು ಹಿಂದಕ್ಕೆ ಕೈ ಬಳಸಿ ಅಪ್ಪಿದರೆ ಇಷ್ಟಾರ್ಥ ಸಿದ್ಧಿಸುತ್ತದೆಯೆಂದು ಇನ್ನೊಂದು ನಂಬಿಕೆ. ಕೈಗಳ ಉಜ್ಜಾಟ ತಪ್ಪಿಸಲು 1997ರಲ್ಲಿ ಸುತ್ತಲೂ ಬೇಲಿ ಹಾಕಬೇಕಾಯಿತು. ಕಲ್ಪನೆಗಳು ಬಂದವು, ಹೋದವು, ಕಂಬ ನಿಂತಿದೆ.

ಅದಕ್ಕೂ ಮಿಗಿಲಾದ ಸಂಗತಿಯೊಂದಿದೆ. ಸುಮಾರು 1600 ವರ್ಷ ಮಳೆ ಬಿಸಿಲುಗಳಲ್ಲಿದ್ದರೂ ಅದು ತುಕ್ಕಿನಿಂದ ನಶಿಸಿಲ್ಲವೇಕೆ? ಕಾನಪುರದ ಐ.ಐ.ಟಿ.ಯ ಪ್ರಾಧ್ಯಾಪಕರಾಗಿದ್ದ ಆರ್. ಬಾಲಸುಬ್ರಮಣ್ಯಂ ಅವರು 2000ದ ಸುಮಾರಿಗೆ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿರುವುದರಿಂದ ಮೇಲ್ಮೈಯಲ್ಲಿ ಫಾಸ್ಫೇಟಿನ ತೆಳುವಾದ ಪೊರೆಯೊಂದು ಉಂಟಾಗಿ ಕವಚದಂತೆ ಕಾಯುತ್ತಿದೆ. ಗಮನಿಸಬೇಕಾದದ್ದು ಇಷ್ಟೆ: ಆ ಪೊರೆಯ ಕಲ್ಪನೆಯೇ ಯಾವ ಮನುಷ್ಯನ ಮನಸ್ಸಿನಲ್ಲಿಯೂ ಇಲ್ಲದಿದ್ದ ಶತಮಾನಗಳಲ್ಲಿ ಅದು ತನ್ನ ಕೆಲಸವನ್ನು ಮಾಡುತ್ತಲೇ ಇತ್ತು. ಅರಿವು ಬಂದದ್ದು ಅನಂತರ. ವಸ್ತು ಇದ್ದದ್ದು ಮೊದಲು.

ಪಶ್ಚಿಮದಲ್ಲಿ ಬಾಹ್ಯ ಜಡವಸ್ತುವನ್ನು ನಿರಾಕರಿಸಿದ ಐರ್ಲೆಂಡಿನ ಬಿಷಪ್ ಬರ್ಕ್ಲಿ (1685–1753) ಇದಕ್ಕೆ ಒಂದು ಉತ್ತರ ಕೊಡಬಲ್ಲರು: ಮನುಷ್ಯರಾರೂ ಕಾಣದ ವಸ್ತು ದೇವರ ಅರಿವಿನಲ್ಲಿ ಇರುತ್ತದೆ. ಈ ಮಾತು ಭಕ್ತರಿಗೆ ಹಿತವೆನಿಸಬಹುದು. ಆದರೆ ಮಧ್ವಮತವು ದೇವರ ಮಹಿಮೆಗೆ ಕುಂದಿಲ್ಲದಂತೆ ಬೇರೊಂದು ದಾರಿ ತೋರಿಸುತ್ತದೆ. ಸ್ವತಂತ್ರನು ಶ್ರೀಹರಿಯೊಬ್ಬನೇ, ಉಳಿದುದೆಲ್ಲ ಪರತಂತ್ರ. ಪರತಂತ್ರವೆಂದ ಮಾತ್ರಕ್ಕೆ ಅಸತ್ಯವಲ್ಲ. ವಸ್ತುವು ನಮ್ಮ ಅರಿವಿಗೆ ಅಧೀನವಲ್ಲ, ಈಶ್ವರನಿಗೆ ಅಧೀನ. ಆದರೂ ಅದು ಕಲ್ಪನೆಯಲ್ಲ, ನಿಜವಾದ ವಸ್ತುವೇ.

ಹಾಗಾದರೆ ನಮ್ಮ ಕಲ್ಪನೆಯನ್ನು ಅವಲಂಬಿಸಿದ್ದು ಯಾವುದೂ ಇಲ್ಲವೇ? ಇದೆ. 2016ರ ನವೆಂಬರ್ 8ರಂದು, ಆಗ ಚಲಾವಣೆಯಲ್ಲಿದ್ದ 500 ಮತ್ತು 1000 ರೂಪಾಯಿಗಳ ನೋಟುಗಳನ್ನು ಅಂದಿನ ಮಧ್ಯರಾತ್ರಿಯಿಂದ ರದ್ದುಗೊಳಿಸಿರುವುದಾಗಿ ಸರ್ಕಾರ ಘೋಷಿಸಿತು. ಕಾಗದದ ಉದ್ದ, ಅಗಲ, ಬಣ್ಣ, ತೂಕ ಯಾವುದೂ ಬದಲಾಗಲಿಲ್ಲ. ಬೆಲೆ ಮಾತ್ರ ಹೋಯಿತು. ಬೆಲೆಯೆಂಬುದು ಜನರ ಒಪ್ಪಿಗೆ, ರಾಜಶಾಸನಗಳನ್ನು ಆಶ್ರಯಿಸಿದ್ದು, ಕಾಗದ ಹಾಗಲ್ಲ. ಪದವಿ, ಪ್ರತಿಷ್ಠೆ, ‘ನನ್ನದು’ ಎಂಬ ಅಭಿಮಾನ ಇವೆಲ್ಲ ನೋಟಿನ ಬೆಲೆಯ ಜಾತಿಗೆ ಸೇರಿದವು. ವೈರಾಗ್ಯ ಬೇಕಾದದ್ದು ಇವುಗಳ ವಿಷಯದಲ್ಲಿ. ನೆರೆಮನೆಯವನ ಹಸಿವು, ಊರಿನಲ್ಲಿ ಒಂಟಿಯಾಗಿರುವ ತಾಯಿಯ ಮಂಡಿನೋವು ಆ ಜಾತಿಯವಲ್ಲ. ನಾವು ನೆನೆಯದಿದ್ದರೂ ಅವು ಇರುತ್ತವೆ. ಅವನ್ನು ಮಾಯೆಯೆಂದು ತಳ್ಳಿಹಾಕುವುದು ವೇದಾಂತವಲ್ಲ, ಆಲಸ್ಯ.

ನವರಾತ್ರಿಯ ಆಚರಣೆಯಲ್ಲಿಯೂ ಈ ವಿವೇಕ ಅಡಗಿದೆ. ಆಯುಧಪೂಜೆಯ ದಿನ ಸುತ್ತಿಗೆ, ಕತ್ತರಿ, ತಕ್ಕಡಿ, ವಾಹನಗಳನ್ನು ತೊಳೆದು, ಕುಂಕುಮ ಹೂವುಗಳನ್ನಿಟ್ಟು ನಮಸ್ಕರಿಸುತ್ತೇವೆ. ಉಪಕರಣವು ನಮ್ಮ ಇಚ್ಛೆಯಂತೆ ಬಾಗುವ ಕಲ್ಪನೆಯಲ್ಲ. ಅದಕ್ಕೆ ತನ್ನದೇ ಆದ ಗುಣಧರ್ಮಗಳಿವೆ, ಅವನ್ನರಿತು ನಡೆದರೆ ಮಾತ್ರ ಅದು ಒಲಿಯುತ್ತದೆ ಎಂಬುದನ್ನು ಆ ನಮಸ್ಕಾರವು ಸೂಚಿಸುತ್ತದೆ. ಜಗತ್ತನ್ನು ಇರುವಂತೆ ಅರಿಯುವ ಬುದ್ಧಿಯನ್ನೂ, ಅರಿತಂತೆ ನಡೆಯುವ ಶಕ್ತಿಯನ್ನೂ ಶ್ರೀ ಚಾಮುಂಡೇಶ್ವರಿಯು ಸರ್ವರಿಗೂ ಕರುಣಿಸಲಿ.