ಮುಂದಿನ ಸೆಮಿಸ್ಟರ್ ಏನಾಗುತ್ತದೆ? ವಿದ್ಯಾರ್ಥಿಗೆ ಕೇಳುವ ಹಕ್ಕಿದೆ

ಖಾನಾಪುರ ಬೆಳಗಾವಿಯಿಂದ 26 ಕಿ.ಮೀ. ಅಷ್ಟೇ. ಆದರೆ ತಾಲೂಕಿನ ಜಾಂಬೋಟಿ, ಕಣಕುಂಬಿ ಕಡೆಯ ಹಳ್ಳಿಗಳಿಗೆ, ಭೀಮಗಡ ಕಾಡಿನೊಳಗಿನ ಅಮಗಾಂವದಂಥ ಊರುಗಳಿಗೆ ಆ ಲೆಕ್ಕ ಹೊಂದುವುದಿಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿತೆಂದರೆ ದಾರಿ ಕಟ್ಟಾಗುತ್ತದೆ, ಮೊಬೈಲ್ ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾಗುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಆದಾಗ ಬೆಳಗಾವಿಯ ಹಾಸ್ಟೆಲು, ಬಾಡಿಗೆ ಕೋಣೆ ಬಿಟ್ಟು ಇಂಥ ಊರುಗಳಿಗೆ ಮರಳಿದ ವಿದ್ಯಾರ್ಥಿಗಳ ಬಾಯಲ್ಲಿ ಇದ್ದದ್ದು ಒಂದೇ ಮಾತು: ಪರೀಕ್ಷೆ ಆಗುತ್ತದೋ ಇಲ್ಲವೋ, ಮುಂದಿನ ಸೆಮಿಸ್ಟರ್‌ಗೆ ಹೋಗುತ್ತೇವೋ ಇಲ್ಲವೋ? ಉತ್ತರ ಬರುತ್ತಿದ್ದದ್ದು ವಾಟ್ಸ್‌ಆ್ಯಪ್‌ನಲ್ಲಿ. ದಿನಕ್ಕೊಂದು ಬಗೆ.

ಇಂಥ ಹೊತ್ತಿನಲ್ಲಿ ಮೊದಲು ತಿಳಿಯಬೇಕಾದದ್ದು ನಿಮ್ಮ ಪರೀಕ್ಷೆಯ ಬಗ್ಗೆ ಆದೇಶ ಹೊರಡಿಸುವವರು ಯಾರು ಎಂಬುದು. ಬೆಳಗಾವಿಯ ಒಂದೇ ಮನೆಯಲ್ಲಿ ಅಕ್ಕ ಎಂಜಿನಿಯರಿಂಗ್ ಓದುತ್ತಿದ್ದರೆ ಅವಳಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು), ಬಿ.ಎ. ಓದುವ ತಮ್ಮನಿಗೆ 2010ರಲ್ಲಿ ಆರಂಭವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಕಾನೂನು ಓದುವ ಅಣ್ಣನಿಗೆ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ. ಒಂದರ ಸುತ್ತೋಲೆ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಮಂತ್ರಿಗಳು ಪತ್ರಿಕಾಗೋಷ್ಠಿಯಲ್ಲಿ ಹೇಳಿದ ಮಾತೂ ನಿಮ್ಮ ಅಂಕಪಟ್ಟಿಯನ್ನು ತಾನಾಗಿ ಬದಲಿಸುವುದಿಲ್ಲ. ನಿಮ್ಮ ವಿಶ್ವವಿದ್ಯಾಲಯದ ಕುಲಸಚಿವರ ಸಹಿ, ಸಂಖ್ಯೆ, ದಿನಾಂಕ ಇರುವ ಅಧಿಸೂಚನೆಯನ್ನು ಹುಡುಕಿ ಇಟ್ಟುಕೊಳ್ಳಿ. ಮುಂದೆ ಯಾವ ಕಚೇರಿಗೆ, ಯಾವ ನ್ಯಾಯಾಲಯಕ್ಕೆ ಹೋದರೂ ಮೊದಲು ಕೇಳುವುದು ಆ ಕಾಗದವನ್ನೇ.

2020ರಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಏಪ್ರಿಲ್ 29ರಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಮಾರ್ಗಸೂಚಿ ಹೊರಡಿಸಿತು. ಮಧ್ಯದ ಸೆಮಿಸ್ಟರ್‌ಗಳಿಗೆ ಪರೀಕ್ಷೆ ನಡೆಸುವ ಪರಿಸ್ಥಿತಿ ಇಲ್ಲದಿದ್ದರೆ ಶೇ. 50 ಆಂತರಿಕ ಮೌಲ್ಯಮಾಪನ, ಶೇ. 50 ಹಿಂದಿನ ಸೆಮಿಸ್ಟರಿನ ಸಾಧನೆ ಸೇರಿಸಿ ಅಂಕ ಕೊಡಬಹುದು, ಲಾಕ್‌ಡೌನ್ ಅವಧಿಯನ್ನು ಹಾಜರಿ ಎಂದೇ ಎಣಿಸಬೇಕು ಎಂದಿತು. ಜುಲೈ 10ರಂದು ರಾಜ್ಯ ಸರ್ಕಾರ ಅದೇ ದಾರಿ ಹಿಡಿಯಿತು. ಹಿಂದಿನ ಅಂಕವೇ ಇಲ್ಲದ ಮೊದಲ ವರ್ಷದವರಿಗೆ ಪೂರ್ತಿ ಆಂತರಿಕ ಮೌಲ್ಯಮಾಪನ ಎಂದು ಪ್ರಕಟಿಸಿತು. ಅಂತಿಮ ಸೆಮಿಸ್ಟರಿನ ಮಾತು ಬೇರೆ. ಆ ಪರೀಕ್ಷೆ ಸೆಪ್ಟೆಂಬರ್ 30ರೊಳಗೆ ಆಗಲೇಬೇಕೆಂದು ಯುಜಿಸಿ ಜುಲೈ 6ರಂದು ಹೇಳಿತ್ತು. ಇದರ ವಿರುದ್ಧದ ಅರ್ಜಿಗಳ ಮೇಲೆ ಆಗಸ್ಟ್ 28ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ವಿಪತ್ತು ನಿರ್ವಹಣಾ ಕಾಯ್ದೆಯಡಿ ರಾಜ್ಯ ಪರೀಕ್ಷೆಯನ್ನು ಮುಂದೂಡಬಹುದು, ಆದರೆ ಅಂತಿಮ ಪರೀಕ್ಷೆ ಇಲ್ಲದೆ ತೇರ್ಗಡೆ ಮಾಡುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಮುಂದೂಡುವುದು ಬೇರೆ, ರದ್ದುಪಡಿಸುವುದು ಬೇರೆ. ಪರೀಕ್ಷೆ ಮುಂದೆ ಹೋಯಿತು ಎಂದಾಕ್ಷಣ ಪಾಸಾದೆವೆಂದು ಓದು ಬಿಟ್ಟವರು ಕೈಸುಟ್ಟುಕೊಳ್ಳುವುದು ಇಲ್ಲಿಯೇ.

ಆದರೆ ವಿಶ್ವವಿದ್ಯಾಲಯ ತನ್ನಿಷ್ಟದಂತೆ ನಡೆಯಬಹುದು ಎಂದೂ ಇದರರ್ಥವಲ್ಲ. ಕಾನೂನು ವಿಶ್ವವಿದ್ಯಾಲಯ ಮಧ್ಯದ ಸೆಮಿಸ್ಟರಿನವರೂ ಬಾಕಿ ಪರೀಕ್ಷೆಗಳನ್ನು ಕೇಂದ್ರಕ್ಕೆ ಬಂದು ಬರೆಯಬೇಕೆಂದು ಸುತ್ತೋಲೆ ಹೊರಡಿಸಿದಾಗ ವಿದ್ಯಾರ್ಥಿಗಳು ಹೈಕೋರ್ಟಿಗೆ ಹೋದರು. 2021ರ ಫೆಬ್ರುವರಿಯಲ್ಲಿ ಆ ಸುತ್ತೋಲೆ ರದ್ದಾಯಿತು. ಲಿಖಿತ ಮಾರ್ಗಸೂಚಿಯನ್ನು ಓದಿ, ಅದನ್ನೇ ಹಿಡಿದು ಪ್ರಶ್ನಿಸಿದ್ದರಿಂದ ಸಿಕ್ಕ ಪರಿಹಾರ ಅದು.

ಪರೀಕ್ಷೆಯ ದಿನವೇ ಕ್ವಾರಂಟೈನ್‌ನಲ್ಲಿದ್ದರೆ, ಊರಿನ ದಾರಿ ಕಟ್ಟಾಗಿದ್ದರೆ? ಯಾವುದೇ ಕಾರಣದಿಂದ ಅಂತಿಮ ಪರೀಕ್ಷೆ ತಪ್ಪಿದವರಿಗೆ ವಿಶೇಷ ಪರೀಕ್ಷೆಯ ಅವಕಾಶ ಕೊಡಬಹುದೆಂದು 2020ರ ಜುಲೈ ಮಾರ್ಗಸೂಚಿಯಲ್ಲಿತ್ತು. ಅದು 2019-20ನೇ ಸಾಲಿಗೆ ಮಾತ್ರ ಮಾಡಿದ ಒಂದು ಸಲದ ಏರ್ಪಾಡು. ಇನ್ನೊಂದು ಸಾಂಕ್ರಾಮಿಕ ಬಂದರೆ ಅದರ ಆದೇಶ ಹೊಸದಾಗಿಯೇ ಬರಬೇಕು. ಬಂದಾಗ ಅದರಲ್ಲಿ ವಿಶೇಷ ಪರೀಕ್ಷೆ, ಹಾಜರಿ, ಬಾಕಿ ವಿಷಯಗಳು ಈ ಮೂರರ ಬಗ್ಗೆ ಏನಿದೆ ಎಂದು ಮೊದಲು ನೋಡಿ.

ಪರೀಕ್ಷೆ ತಪ್ಪಿದರೆ ಫೋನ್ ಮಾಡಿ ಸುಮ್ಮನಾಗಬೇಡಿ. ಪ್ರಾಂಶುಪಾಲರ ಮುಖಾಂತರ ಕುಲಸಚಿವರಿಗೆ (ಮೌಲ್ಯಮಾಪನ) ಒಂದೇ ಪುಟದ ಅರ್ಜಿ ಬರೆಯಿರಿ. ಹೆಸರು, ನೋಂದಣಿ ಸಂಖ್ಯೆ, ಸೆಮಿಸ್ಟರ್, ತಪ್ಪಿದ ವಿಷಯ ಮತ್ತು ದಿನಾಂಕ, ಯಾವ ಸುತ್ತೋಲೆಯಡಿ ಕೇಳುತ್ತಿದ್ದೀರಿ, ಏನು ಬೇಕು, ಇಷ್ಟು ಸಾಕು. ಕಷ್ಟವನ್ನು ಬಣ್ಣಿಸುವುದಕ್ಕಿಂತ ದಾಖಲೆ ಲಗತ್ತಿಸುವುದು ಮೇಲು: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಪತ್ರ, ಹಳ್ಳ ತುಂಬಿ ಸಂಪರ್ಕ ಕಡಿದಿತ್ತೆಂದು ಗ್ರಾಮ ಪಂಚಾಯಿತಿ ಪಿಡಿಒ ಬರೆದುಕೊಟ್ಟ ಪತ್ರ. ಎರಡು ಪ್ರತಿ ಒಯ್ಯಿರಿ. ಒಂದನ್ನು ಆವಕ ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ ಹಾಕಿಸಿಕೊಂಡು ಬನ್ನಿ. ಹೋಗಲಾಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ, ಇಮೇಲನ್ನೂ ಕಳಿಸಿ. ಮರಾಠಿ ಮಾಧ್ಯಮದಲ್ಲಿ ಓದಿ ಬಂದ ಖಾನಾಪುರದ ಹುಡುಗಿಯೊಬ್ಬಳು ಕನ್ನಡವಾಗಲಿ ಇಂಗ್ಲಿಷಾಗಲಿ ಸರಿಯಾಗಿ ಬರೆಯಲು ಬಾರದೆಂದು ಹಿಂಜರಿಯಬೇಕಾಗಿಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಗಡಿಭಾಗದಲ್ಲಿ ಇದನ್ನು ಎಲ್ಲ ಕಾಲೇಜಿನ ಸೂಚನಾ ಫಲಕದ ಮೇಲೆ ಬರೆದು ಹಾಕಬೇಕು ಎಂಬುದು ನನ್ನ ಅಭಿಪ್ರಾಯ.

ಅರ್ಜಿಗೆ ಉತ್ತರ ಬರದಿದ್ದರೆ ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಗಳಿವೆ. ಇವು ಸಾಂಕ್ರಾಮಿಕ ಇರಲಿ, ಇಲ್ಲದಿರಲಿ, ಜಾರಿಯಲ್ಲಿರುವಂಥವು. ಶೈಕ್ಷಣಿಕ ವೇಳಾಪಟ್ಟಿ ಮೀರಿ ಪರೀಕ್ಷೆ ಅಥವಾ ಫಲಿತಾಂಶ ತಡವಾದರೆ ಅದೂ ಕುಂದುಕೊರತೆಯೇ ಎಂದು ಅವುಗಳಲ್ಲಿದೆ. ಶುಲ್ಕ ವಸೂಲಿಗಾಗಿ ಮೂಲ ಪ್ರಮಾಣಪತ್ರ ಹಿಡಿದಿಟ್ಟುಕೊಂಡರೂ ದೂರು ಕೊಡಬಹುದು. ಈ ನಿಯಮಗಳಡಿ ರಚಿಸಿದ ಕುಂದುಕೊರತೆ ನಿವಾರಣಾ ಸಮಿತಿ ಸಾಮಾನ್ಯವಾಗಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಅದರ ಪ್ರತಿ ನಿಮಗೂ ಬರಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ಅದು ಕೈಸೇರಿದ 15 ದಿನಗಳೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ಮರುಮೌಲ್ಯಮಾಪನದ ಕೋರಿಕೆಯನ್ನು ಮಾತ್ರ ಅಲ್ಲಿಗೆ ಒಯ್ಯಬೇಡಿ, ಅದಕ್ಕೆ ವಿಶ್ವವಿದ್ಯಾಲಯದ್ದೇ ಬೇರೆ ವಿಧಾನವಿದೆ. ಉತ್ತರಪತ್ರಿಕೆ ನೋಡಬೇಕೆಂದರೆ ಮಾಹಿತಿ ಹಕ್ಕಿನಡಿ ಕೇಳಬಹುದು. ಸುಪ್ರೀಂ ಕೋರ್ಟ್ 2011ರಲ್ಲೇ ಅದನ್ನು ಎತ್ತಿಹಿಡಿದಿದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು.

ಶುಲ್ಕದ ವಿಚಾರ. 2020ರಲ್ಲಿ ನವೆಂಬರ್ 30ರೊಳಗೆ ಪ್ರವೇಶ ರದ್ದುಪಡಿಸಿದವರಿಗೆ ಪೂರ್ತಿ ಹಣ, ಡಿಸೆಂಬರ್ 31ರೊಳಗಾದರೆ 1,000 ರೂಪಾಯಿಗಿಂತ ಹೆಚ್ಚು ಹಿಡಿಯದೆ ಉಳಿದ ಹಣ ಮರಳಿಸಬೇಕೆಂದು ಯುಜಿಸಿ ಹೇಳಿತ್ತು. ಆಯಾ ವರ್ಷದ ಗಡುವನ್ನು ಪ್ರವೇಶದ ದಿನವೇ ತಿಳಿದುಕೊಳ್ಳಿ. ಗಡುವಿನ ಮರುದಿನ ಅರ್ಜಿ ಕೊಟ್ಟರೆ ಅದೇ ಹಣಕ್ಕೆ ಅಲೆದಾಟ ಶುರುವಾಗುತ್ತದೆ.

ಇಷ್ಟಾದರೂ ಬಗೆಹರಿಯದಿದ್ದರೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಅರ್ಜಿ ಹಾಕಬಹುದು. ಪರೀಕ್ಷೆ ನಡೆಸುವುದು ಗ್ರಾಹಕ ಸೇವೆಯಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿರುವುದರಿಂದ ಪರೀಕ್ಷೆಯ ತಕರಾರು ಹಿಡಿದು ಗ್ರಾಹಕರ ಆಯೋಗಕ್ಕೆ ಹೋಗಿ ಸಮಯ ಕಳೆಯಬೇಡಿ. ವಕೀಲರ ಖರ್ಚಿಗೆ ಹೆದರುವವರು ಬೆಳಗಾವಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೋ ಖಾನಾಪುರ ನ್ಯಾಯಾಲಯದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯನ್ನೋ ಕೇಳಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಉಳಿದವರು ಆದಾಯ ಪ್ರಮಾಣಪತ್ರ ಒಯ್ಯಬೇಕು. ಊರಿನಿಂದಲೇ ವಿಚಾರಿಸುವುದಾದರೆ ಸಹಾಯವಾಣಿ 15100.